ಮುಚ್ಚಿದ ಬಾಗಿಲಿನ ಐದು ನಕ್ಷತ್ರ

ಅವಳನ್ನು ಎಲ್ಲರೂ ಸ್ಟಾರಮ್ಮ ಅನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಸಿನಿಮಾದ ಸ್ಟಾರು ಅಂದುಕೊಂಡೀರಿ, ಅದಲ್ಲ. ಫ್ರಿಜ್ಜಿನ ಬಾಗಿಲಿಗೆ, ಫ್ಯಾನಿನ ಡಬ್ಬಕ್ಕೆ ಅಂಟಿಸಿರುತ್ತಾರಲ್ಲ, ಇದು ಎಷ್ಟು ಕರೆಂಟು ತಿನ್ನುತ್ತದೆ ಅಂತ ಸಾರುವ ಚೀಟಿ, ಅದರ ಮೇಲಿರುವ ಒಂದರಿಂದ ಐದರವರೆಗಿನ ನಕ್ಷತ್ರ, ಆ ಸ್ಟಾರು. ಕಂಪನಿಗಳು ಕಳಿಸಿದ ಫ್ರಿಜ್ಜನ್ನು ಪರೀಕ್ಷೆಗೆ ಹಚ್ಚಿ ಯಾವುದಕ್ಕೆ ಎಷ್ಟು ನಕ್ಷತ್ರ ಅಂತ ಹೇಳುವ ಕಚೇರಿಯಲ್ಲಿ ಅವಳು ಇಪ್ಪತ್ತಾರು ವರ್ಷ ದುಡಿದಿದ್ದಳು. ಕಡಿಮೆ ಕರೆಂಟು ತಿಂದರೆ ಹೆಚ್ಚು ನಕ್ಷತ್ರ. ಲೆಕ್ಕ ಅಷ್ಟೇ.

ಬೀದಿಯವರು ಅವಳನ್ನು ಬಿಡುತ್ತಿರಲಿಲ್ಲ. ಹಾಲು ತರಲು ಹೋದರೆ ಒಬ್ಬರು, ಬಸ್ಸಿಗೆ ನಿಂತರೆ ಇನ್ನೊಬ್ಬರು. "ಸ್ಟಾರಮ್ಮ, ಫ್ರಿಜ್ ತಗೋಬೇಕು, ಯಾವುದು ತಗೊಳ್ಲಿ?" ಅಂತ ಕೇಳಿ, ಅವಳು ಬಾಯಿ ತೆರೆಯುವ ಮೊದಲೇ "ಐದು ಸ್ಟಾರಿಂದೇ ತಾನೆ?" ಅಂತ ತಾವೇ ಉತ್ತರ ಹೇಳಿಕೊಂಡು ಹೋಗುವವರೂ ಇದ್ದರು. ಅವಳಿಗೆ ಮದುವೆಯಾಗಿರಲಿಲ್ಲ. "ಬಂದ ಗಂಡುಗಳನ್ನೆಲ್ಲ ಪರೀಕ್ಷೆಗೆ ಹಚ್ಚಿ, ಎಲ್ಲರಿಗೂ ಎರಡೆರಡು ಸ್ಟಾರ್ ಕೊಟ್ಟು ಓಡಿಸಿಬಿಟ್ಟಳು" ಅಂತ ಅವಳ ತಮ್ಮ ಸಿಕ್ಕಸಿಕ್ಕವರ ಹತ್ತಿರ ಹೇಳಿ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ಆಗೆಲ್ಲ ಅವಳಿಗೆ ನಗು ಸುಲಭವಾಗಿ ಬರುತ್ತಿತ್ತು.

ಬೀದಿ ಕೊನೆಯಲ್ಲಿ ಮನೆಸಾಮಾನಿನ ದೊಡ್ಡ ಅಂಗಡಿಯೊಂದಿತ್ತು. ಅದರ ಯಜಮಾನನಿಗೆ ಅವಳನ್ನು ಕಂಡರೆ ದೇವರನ್ನು ಕಂಡಷ್ಟು ಭಕ್ತಿ. "ಮೇಡಂ, ಮೊದಲು ಜನ ಒಳಗೆ ಬಂದು ಬಣ್ಣ ಕೇಳೋರು. ಈಗ ಬಾಗಿಲಲ್ಲೇ ನಿಂತು ನಕ್ಷತ್ರ ಎಣಿಸ್ತಾರೆ. ನಾಲ್ಕಿದ್ರೆ ಮುಖ ತಿರುಗಿಸ್ತಾರೆ, ಐದಿದ್ರೆ ಬೆಲೆ ಕೇಳ್ತಾರೆ. ನಾಲ್ಕಿನ ಮಾಲು ಹೋದ ವರ್ಷದ್ದು ಇನ್ನೂ ಗೋಡೌನಲ್ಲಿ ಕೂತಿದೆ" ಅನ್ನುತ್ತಿದ್ದ. ಅವನು ಹೇಳುವುದು ಸುಳ್ಳಾಗಿರಲಿಲ್ಲ. ಒಂದು ನಕ್ಷತ್ರ ಕಮ್ಮಿ ಬಂತೆಂದು ಕಾರ್ಖಾನೆಯೊಂದು ಎರಡು ಪಾಳಿಯ ಕೆಲಸವನ್ನು ಒಂದಕ್ಕೆ ಇಳಿಸಿದ್ದು ಅವಳಿಗೆ ಗೊತ್ತಿತ್ತು. ಅವಳು ಸಹಿ ಹಾಕುವ ಒಂದು ಹಾಳೆಯ ಮೇಲೆ ಎಷ್ಟೋ ಮನೆಗಳ ಒಲೆ ಉರಿಯುತ್ತಿತ್ತು. ಹಾಗಾಗಿಯೇ ಅವಳು ಯಾರ ಕಾಫಿಯನ್ನೂ ಕುಡಿಯುತ್ತಿರಲಿಲ್ಲ, ಯಾರ ಡೈರಿ ಕ್ಯಾಲೆಂಡರನ್ನೂ ಮುಟ್ಟುತ್ತಿರಲಿಲ್ಲ. ಅವಳನ್ನು ಕೊಳ್ಳಲು ಯಾರಿಂದಲೂ ಆಗಲಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದನ್ನು ಕೇಳಿ ಲಂಚದ ಕತೆ ಅಂದುಕೊಳ್ಳಬೇಡಿ. ಲಂಚವಾಗಿದ್ದರೆ ಎಷ್ಟೋ ವಾಸಿಯಿತ್ತು, ಬೈಯಲು ಯಾರಾದರೂ ಸಿಗುತ್ತಿದ್ದರು.

ಪರೀಕ್ಷೆಯ ಕೋಣೆ ಅಂದರೆ ಕಿಟಕಿಯಿಲ್ಲದ ನಾಲ್ಕು ಬಿಳಿ ಗೋಡೆ. ಹೊರಗೆ ಮಳೆ ಬರಲಿ, ಚಳಿ ಕೊರೆಯಲಿ, ಒಳಗೆ ವರ್ಷವಿಡೀ ಮೂವತ್ತೆರಡು ಡಿಗ್ರಿ ಸೆಕೆ. ನಡುವೆ ಫ್ರಿಜ್ಜನ್ನು ನಿಲ್ಲಿಸುತ್ತಾರೆ. ಅದರ ಪ್ರತಿ ತಟ್ಟೆಯ ಮೇಲೂ ಶಾಖ ಅಳೆಯುವ ತಂತಿ ಇಟ್ಟು, ತಂತಿಗಳನ್ನು ಬಾಗಿಲ ಸಂದಿಯಿಂದ ಹೊರಗೆಳೆದು, ಬಾಗಿಲು ಮುಚ್ಚಿ, ಮುಚ್ಚಿದ ಕಡೆಗೆ ಕಾಗದದ ಪಟ್ಟಿ ಅಂಟಿಸುತ್ತಾರೆ. ಆ ಪಟ್ಟಿಯ ಮೇಲೆ ಪರೀಕ್ಷಕರ ಸಹಿ, ತಾರೀಕು, ಗಂಟೆ. ಇನ್ನು ಮೂರು ದಿನ ಆ ಬಾಗಿಲನ್ನು ಯಾರೂ ತೆರೆಯುವ ಹಾಗಿಲ್ಲ. ಪಟ್ಟಿ ಹರಿದರೆ ಪರೀಕ್ಷೆ ಹಾಳು, ಮತ್ತೆ ಮೊದಲಿನಿಂದ.

ಯಾವ ಮನೆಯಲ್ಲಿ ಮೂರು ದಿನ ಫ್ರಿಜ್ಜಿನ ಬಾಗಿಲು ತೆರೆಯದೆ ಇರುತ್ತಾರೆ ಸ್ವಾಮಿ? ಹಾಲು ಎಲ್ಲಿಂದ ಬರಬೇಕು, ಮೊಸರು ಎಲ್ಲಿಂದ ಬರಬೇಕು? ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳೂ ಈ ಪ್ರಶ್ನೆ ಕೇಳಿದ್ದಳು. ಒಂದು ಮನೆಯಲ್ಲಿ ಹತ್ತು ಸಲ ತೆಗೀತಾರೆ, ಇನ್ನೊಂದರಲ್ಲಿ ನಲವತ್ತು ಸಲ, ಎಲ್ಲರಿಗೂ ಒಂದೇ ಅಳತೆ ಬೇಕಾದರೆ ಬಾಗಿಲು ಮುಚ್ಚಿಯೇ ಇರಬೇಕು ಅಂತ ಹಿರಿಯರು ಹೇಳಿದ್ದರು. ನಿಯಮದಲ್ಲಿ ಒಂದು ನ್ಯಾಯವಿತ್ತು. ಅವಳು ಒಪ್ಪಿಕೊಂಡಳು, ಇಪ್ಪತ್ತಾರು ವರ್ಷ ಪಟ್ಟಿ ಅಂಟಿಸಿದಳು.

ಆ ಮಾಡೆಲ್ಲು ಬಂದದ್ದು ಹೋದ ವರ್ಷದ ಬೇಸಿಗೆಯಲ್ಲಿ. ಬೂದು ಬಣ್ಣದ, ಒಂಟಿ ಬಾಗಿಲಿನ, ನೋಡಲು ಸಾಧಾರಣ ಫ್ರಿಜ್ಜು. ಎರಡನೆಯ ದಿನ ಕಂಪ್ಯೂಟರಿನ ಮೇಲೆ ಗೆರೆ ನೋಡಿದಾಗ ಅವಳ ಹುಬ್ಬು ಗಂಟಿಕ್ಕಿತು. ಒಳ್ಳೆಯ ಫ್ರಿಜ್ಜಿನ ಗೆರೆ ಸಣ್ಣ ಸಣ್ಣ ಅಲೆಯಾಗಿ ಹೋಗುತ್ತದೆ, ನಾಲ್ಕು ಡಿಗ್ರಿ, ಐದು, ಮತ್ತೆ ನಾಲ್ಕು. ಇದು ಹಾಗಲ್ಲ. ಬಾಗಿಲು ಮುಚ್ಚಿ ನಾಲ್ಕು ಗಂಟೆಯಾದ ಮೇಲೆ ಮೋಟಾರು ನಿಂತೇ ಹೋಯಿತು. ಒಳಗಿನ ಶಾಖ ಮೆಲ್ಲಗೆ ಹತ್ತರವರೆಗೆ ಏರಿತು. ಆಮೇಲೆ ಮೋಟಾರು ಒಂದೇ ಸಮನೆ ಓಡಿ, ಹಿಂಗೋಡೆಯ ಹತ್ತಿರ ಸೊನ್ನೆಗಿಂತ ಕೆಳಗೆ ಎರಡು ಡಿಗ್ರಿಯವರೆಗೆ ಇಳಿಸಿ, ಮತ್ತೆ ನಿಂತಿತು. ಮೂರು ದಿನವೂ ಅದೇ ಆಟ. ಸರಾಸರಿ ತೆಗೆದರೆ ನಾಲ್ಕು ಡಿಗ್ರಿ. ನಿಯಮ ಕೇಳುವುದು ಸರಾಸರಿಯನ್ನೇ. ಎರಡು ದಿನ ಉಪವಾಸ ಕೆಡವಿ ಮೂರನೆಯ ದಿನ ಮೂರು ದಿನದ ಅನ್ನ ಬಡಿಸಿದರೂ ಸರಾಸರಿಯಲ್ಲಿ ಹೊಟ್ಟೆ ತುಂಬಿದ ಲೆಕ್ಕವೇ ತಾನೆ?

ಕಂಪನಿಯಿಂದ ಬಂದ ಎಂಜಿನಿಯರನನ್ನು ಅವಳು ಕೇಳಿಯೇ ಕೇಳಿದಳು. "ಏನ್ರೀ ಇದು, ಹೀಗೆ ಕುಣಿಯುತ್ತೆ?"

ಅವನು ಮುಚ್ಚಿಡಲಿಲ್ಲ. ಹೆಮ್ಮೆಯಿಂದಲೇ ಹೇಳಿದ. "ಬುದ್ಧಿವಂತ ಮೋಟಾರು ಮೇಡಂ. ಬಾಗಿಲು ತೆಗೀಲಿಲ್ಲ ಅಂದ್ರೆ ಮನೇಲಿ ಯಾರೂ ಇಲ್ಲ ಅಂತ ಅದಕ್ಕೆ ಗೊತ್ತಾಗುತ್ತೆ. ಆಗ ಉಳಿತಾಯಕ್ಕೆ ಇಳಿಯುತ್ತೆ. ಹತ್ತು ಸಲ ಆನ್ ಆಗೋ ಬದಲು ಒಂದೇ ಸಲ. ಕರೆಂಟು ಎಷ್ಟು ಉಳಿಯುತ್ತೆ ನೋಡಿ."

ಮೀಟರು ನೋಡಿದಳು. ನಿಜಕ್ಕೂ ಉಳಿದಿತ್ತು. ಅಷ್ಟು ಕಡಿಮೆ ಅಂಕಿಯನ್ನು ಅವಳು ಅಲ್ಲಿಯವರೆಗೆ ಕಂಡಿರಲೇ ಇಲ್ಲ. ಖಾಲಿ ಮನೆಯಲ್ಲಿ ಯಾಕೆ ಸುಮ್ಮನೆ ಕರೆಂಟು ಸುಡಬೇಕು ಅನ್ನುವುದು ಅವಳ ಮನಸ್ಸಿಗೂ ಹಿಡಿಸಿತು. ಐದು ನಕ್ಷತ್ರ ಬರೆದು ಸಹಿ ಹಾಕಿದಳು. ಗೆರೆಯ ಹಾಳೆ ಫೈಲಿನಲ್ಲಿ ಉಳಿಯಿತು, ನಕ್ಷತ್ರದ ಹಾಳೆ ಮಾತ್ರ ಹೊರಗೆ ಹೋಯಿತು.

ಈಗ ಅವಳ ತಮ್ಮನ ವಿಷಯ. ಅವನು ಲಿಫ್ಟ್ ರಿಪೇರಿ ಮಾಡುವವನು. "ಜನರನ್ನ ಮೇಲೆ ಕಳಿಸೋ ಕೆಲಸ ನಂದು, ಆದ್ರೆ ನಾನು ಕಳಿಸಿದೋರು ವಾಪಸ್ ಬರ್ತಾರೆ" ಅನ್ನುವುದು ಅವನ ಖಾಯಂ ಜೋಕು. ಊರಿನ ಇನ್ನೊಂದು ತುದಿಯಲ್ಲಿ, ಕೆಲಸಕ್ಕೆ ಹತ್ತಿರವೆಂದು, ಒಂದು ಕೋಣೆಯ ಮನೆಯಲ್ಲಿ ಒಬ್ಬನೇ ಇದ್ದ. ಬೆಳಿಗ್ಗೆ ಏಳಕ್ಕೆ ಬೀಗ ಹಾಕಿದರೆ ಸಂಜೆ ಏಳಕ್ಕೇ ತೆಗೆಯುವುದು. ಊಟ ತಿಂಡಿ ಎಲ್ಲ ಹೋಟೆಲಿನಲ್ಲಿ. ಹತ್ತನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ ಅವನಿಗೆ. ದಿನಕ್ಕೆರಡು ಸಲ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳದಿದ್ದರೆ ಜೀವವೇ ಇಲ್ಲ. ಆ ಔಷಧಿ ತಣ್ಣಗಿರಬೇಕು, ಆದರೆ ಹೆಪ್ಪುಗಟ್ಟಬಾರದು. ಒಂದು ಸಲ ಹೆಪ್ಪುಗಟ್ಟಿ ಕರಗಿದರೆ ಕೆಲವು ಸಲ ನೋಡಲು ಹಾಗೇ ಇರುತ್ತದೆ, ಗುಣ ಮಾತ್ರ ಇರುವುದಿಲ್ಲ.

ಚಿಕ್ಕವನಿದ್ದಾಗ ಅವನು ಸೂಜಿಯ ವಿಷಯದಲ್ಲಿ ಮಹಾ ಸುಳ್ಳುಗಾರ. "ಹಾಕ್ಕೊಂಡೆ ಅಮ್ಮ" ಅಂತ ತೋಳು ಉಜ್ಜಿಕೊಂಡು ಬರುತ್ತಿದ್ದ. ಒಂದು ದಿನ ಪಕ್ಕದ ಮನೆಯ ಹೆಂಚು ಸರಿಪಡಿಸಲು ಹತ್ತಿದವನು, ಇವನು ಅಲ್ಲಿಗೆ ಎಸೆದಿದ್ದ ಹದಿನೇಳು ಸೂಜಿ ಹೆಕ್ಕಿ ತಂದುಕೊಟ್ಟ. ಅಮ್ಮ ಅವತ್ತು ಹೊಡೆದ ಹೊಡೆತ ಬೀದಿಗೆಲ್ಲ ಕೇಳಿಸಿತ್ತು. ಆಮೇಲೆ ಅವನು ತಿದ್ದಿಕೊಂಡ, ಆದರೆ ಹೆಸರು ತಿದ್ದಲಿಲ್ಲ. ಒಮ್ಮೆ ಸುಳ್ಳುಗಾರ ಅನ್ನಿಸಿಕೊಂಡವನು ನಲವತ್ತು ದಾಟಿದರೂ ಅಮ್ಮನ ಪಾಲಿಗೆ ಸುಳ್ಳುಗಾರನೇ.

ಅವನ ಹಳೆಯ ಫ್ರಿಜ್ಜು ಕೆಟ್ಟಾಗ ಅಕ್ಕನಿಗೇ ಫೋನು ಮಾಡಿದ. "ಅಕ್ಕ, ಎಷ್ಟು ಸ್ಟಾರಿಂದು ತಗೊಳ್ಲಿ?"

"ಬೂದು ಬಣ್ಣದ್ದು ಒಂದಿದೆ ಕಣೋ, ನಾನೇ ಸಹಿ ಹಾಕಿದ್ದು. ಹಗಲೆಲ್ಲ ಮನೇಲಿ ಯಾರೂ ಇಲ್ಲ ಅಂದ್ರೆ ಕರೆಂಟೇ ತಿನ್ನಲ್ಲ. ನಿನ್ನಂಥವನಿಗೇ ಮಾಡಿದ ಹಾಗಿದೆ."

ಅವಳೇ ಅಂಗಡಿಗೆ ಹೋಗಿ ಆರಿಸಿ ಕಳಿಸಿದಳು. ಔಷಧಿಯ ಸೀಸೆಗಳನ್ನು ಬಾಗಿಲಲ್ಲಿಡಬೇಡ, ಅಲ್ಲಿ ಬೆಚ್ಚಗಿರುತ್ತೆ, ಒಳಗೆ ಹಿಂದೆ ತಳ್ಳಿ ಇಡು ಅಂತ ಬುದ್ಧಿಯನ್ನೂ ಹೇಳಿದಳು. ಅವನು ತಳ್ಳಿ ಇಟ್ಟ. ಅಕ್ಕ ಹೇಳಿದ್ದನ್ನು ಅವನು ಯಾವತ್ತೂ ಮೀರಿದವನಲ್ಲ.

ಮೂರು ವಾರಕ್ಕೆ ಫೋನು ಬಂತು. ಒಂದು ಸೋಮವಾರ ಮಧ್ಯಾಹ್ನ, ಅವಳು ಕಚೇರಿಯಲ್ಲಿ ಬೇರೆ ಯಾವುದೋ ಫ್ರಿಜ್ಜಿಗೆ ಪಟ್ಟಿ ಅಂಟಿಸುತ್ತಿದ್ದಳು.

"ಅಕ್ಕ, ಬಾಯಿ ಒಣಗ್ತಿದೆ. ಸಕ್ಕರೆ ಇಳೀತಾನೇ ಇಲ್ಲ."

"ಸೂಜಿ ಹಾಕ್ಕೊಂಡ್ಯೇನೋ?"

"ಹಾಕ್ಕೊಂಡೆ ಅಕ್ಕ."

"ಎರಡೂ ಹೊತ್ತು?"

"ಎರಡೂ ಹೊತ್ತು. ನಿನ್ನೆ ಒಂದು ಜಾಸ್ತೀನೇ ಹಾಕ್ಕೊಂಡೆ."

"ನನ್ನ ಹತ್ರ ಸುಳ್ಳು ಹೇಳ್ಬೇಡ. ಹಾಕ್ಕೊಂಡಿದ್ರೆ ಯಾಕೆ ಇಳಿಯಲ್ಲ? ಮೊದಲು ಸರಿಯಾಗಿ ಚುಚ್ಕೋ, ಆಮೇಲೆ ಫೋನ್ ಮಾಡು."

ಅವನು "ಆಯ್ತಕ್ಕ" ಅಂದ. ಬುಧವಾರ ಲಿಫ್ಟಿನ ಕೋಣೆಯಲ್ಲಿ ಕುಸಿದು ಬಿದ್ದ. ಗುರುವಾರ ಆಸ್ಪತ್ರೆಯಲ್ಲಿ ಡಾಕ್ಟರು ಅವಳನ್ನೂ ಅಮ್ಮನನ್ನೂ ಕೂರಿಸಿ, ಇನ್ಸುಲಿನ್ ನಿಲ್ಲಿಸಿದವರಿಗೆ ಹೀಗಾಗೋದು, ಇವರು ಎಷ್ಟು ದಿನದಿಂದ ಬಿಟ್ಟಿದ್ರು ಅಂತ ಕೇಳಿದರು. ಅಮ್ಮ ಎದ್ದು ಹೊರಗೆ ಹೋಗಿ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಳು. ಶುಕ್ರವಾರ ಅವನು ಹೋದ.

ಅಮ್ಮ ಅಳಲಿಲ್ಲ. ಒಂದು ಹನಿಯೂ ಇಲ್ಲ. "ಅವನಿಗೆ ಬದುಕೋದು ಬೇಡವಾಗಿತ್ತು. ಸುಳ್ಳು ಹೇಳಿಕೊಂಡೇ ಸತ್ತ. ಅಂಥವನಿಗೆ ನಾನ್ಯಾಕೆ ಅಳಲಿ?" ಅಂದಳು. ಬಂದವರೆಲ್ಲ ಸಿಟ್ಟು ಇಳಿದ ಮೇಲೆ ಅಳ್ತಾಳೆ ಬಿಡು ಅಂದರು. ಸಿಟ್ಟು ಇಳಿಯಲಿಲ್ಲ. ಇಳಿಯದ ಸಿಟ್ಟು ಹೆತ್ತವಳ ಎದೆಯಲ್ಲಿ ಕಲ್ಲಾಗಿ ಕೂತರೆ ಹೇಗಿರುತ್ತದೆ ಅಂತ ಆ ಮನೆಗೆ ಹೋದವರಿಗೆ ಗೊತ್ತು. ಅಮ್ಮ ಅವನ ಮಾತೆತ್ತುತ್ತಿರಲಿಲ್ಲ, ಯಾರಾದರೂ ಎತ್ತಿದರೆ ತಟ್ಟೆ ಬಿಟ್ಟು ಏಳುತ್ತಿದ್ದಳು.

ಅವನ ಕೋಣೆ ಖಾಲಿ ಮಾಡಿದಾಗ ಉಳಿದ ಔಷಧಿಯನ್ನು ಯಾರೋ ಚೆಲ್ಲಿದರು, ಬಟ್ಟೆಯನ್ನು ಯಾರೋ ಒಯ್ದರು. ಫ್ರಿಜ್ಜು ಮಾತ್ರ ಹೊಸದು, ಅಕ್ಕನ ಮನೆಗೆ ಬಂತು. ಅಡುಗೆಮನೆಯಲ್ಲಿ, ಅಮ್ಮ ಹಗಲು ಮಲಗುವ ಮಂಚಕ್ಕೆ ಐದು ಹೆಜ್ಜೆ ದೂರದಲ್ಲಿ ನಿಂತಿತು. ಹೊಸ ಫ್ರಿಜ್ಜಿನ ಮೇಲೆ ಅನುಮಾನ ಪಡಬಹುದಾಗಿದ್ದವಳು ಲೋಕದಲ್ಲಿ ಅವಳೊಬ್ಬಳೇ. ಆದರೆ ಅದರ ಬಾಗಿಲ ಮೇಲೆ ಅವಳೇ ಕೊಟ್ಟ ಐದು ನಕ್ಷತ್ರ ಇದ್ದವಲ್ಲ, ಅನುಮಾನ ಎಲ್ಲಿಂದ ಬಂದೀತು?

ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು, ಎದುರು ನಿಂತವರೂ ನೆರಳಿನ ಹಾಗೆ ಕಾಣುತ್ತಿದ್ದರು. ಕಿವಿ ಮಾತ್ರ ಬಲು ಚುರುಕು. ಸ್ಟಾರಮ್ಮ ಬೆಳಿಗ್ಗೆ ಎಂಟಕ್ಕೆ ಅಮ್ಮನ ಊಟವನ್ನು ಮೇಜಿನ ಮೇಲೆ ಡಬ್ಬಿಯಲ್ಲಿಟ್ಟು ಹೋದರೆ ಸಂಜೆ ಆರಕ್ಕೆ ಬರುವವಳು. ನಡುವೆ ಮನೆಯಲ್ಲಿ ಅಮ್ಮ, ಗೋಡೆ ಗಡಿಯಾರ ಮತ್ತು ಆ ಫ್ರಿಜ್ಜು. ಒಂದು ಸಂಜೆ ಚಪ್ಪಲಿ ಬಿಡುತ್ತಿದ್ದ ಮಗಳಿಗೆ ಅಮ್ಮ ಮಂಚದಿಂದಲೇ ಹೇಳಿದಳು.

"ಇವತ್ತೂ ಬಂದಿದ್ದ."

"ಯಾರಮ್ಮ?"

"ಇನ್ಯಾರು? ನಿನ್ನ ತಮ್ಮ."

ಅಮ್ಮನ ದನಿಯಲ್ಲಿ ಭಯವೂ ಇಲ್ಲ, ಪ್ರೀತಿಯೂ ಇಲ್ಲ. ಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದಿದ್ದರು ಅನ್ನುವ ಹಾಗೆ ಹೇಳಿದಳು. "ಮಧ್ಯಾಹ್ನ ಹನ್ನೆರಡಕ್ಕೆ ಬರ್ತಾನೆ. ಬಂದು ಆ ಫ್ರಿಜ್ಜನ್ನ ನಿಲ್ಲಿಸ್ತಾನೆ. ಅಲ್ಲೀವರೆಗೆ ಗುಂಯ್ ಅಂತಿರುತ್ತೆ, ಅವನು ಬಂದ ಕೂಡಲೇ ಉಸಿರು ಕಟ್ಟಿದ ಹಾಗೆ ನಿಂತುಹೋಗುತ್ತೆ. ಮೂರು ಗಂಟೆ ತನಕ ಅಲ್ಲೇ ನಿಂತಿರ್ತಾನೆ, ಏನೂ ಮಾತಾಡಲ್ಲ. ನಾನೂ ಮಾತಾಡ್ಸಲ್ಲ."

ವಯಸ್ಸಾಯಿತು, ಮನಸ್ಸು ಅಲೆಯುತ್ತಿದೆ ಅಂದುಕೊಂಡಳು. ಆದರೆ ಅಂದಿನಿಂದ ಅವಳಿಗೆ ಆ ಅಡುಗೆಮನೆಗೆ ಹೋಗುವುದೇ ಕಷ್ಟವಾಯಿತು. ನೀರಿಗೆಂದು ಬಾಗಿಲು ತೆರೆದರೆ ತಣ್ಣಗಿನ ಗಾಳಿ ಮುಖಕ್ಕೆ ಬಂದು, ಕಿವಿಯಲ್ಲಿ "ಹಾಕ್ಕೊಂಡೆ ಅಕ್ಕ" ಅನ್ನುವುದು. ಕಚೇರಿಯಲ್ಲಿ ಪಟ್ಟಿ ಅಂಟಿಸುವಾಗಲೂ ಅದೇ ಮಾತು. ಮುಚ್ಚಿದ ಬಾಗಿಲಿನ ಹಿಂದೆ ಯಾರೋ ಇದ್ದಾರೆ, ಒಳಗಿನಿಂದ ತಟ್ಟಿಯೂ ತಟ್ಟದ ಹಾಗೆ ಕೂತಿದ್ದಾರೆ ಅನ್ನಿಸಿ ಕೈ ಹಿಂದೆಗೆಯುತ್ತಿದ್ದಳು. ಊಟ ಸೇರುತ್ತಿರಲಿಲ್ಲ. ಸಹೋದ್ಯೋಗಿಗಳು ಅವಳ ಬೆನ್ನ ಹಿಂದೆ ಹಣೆಗೆ ಬೆರಳಿಟ್ಟು ತೋರಿಸತೊಡಗಿದ್ದರು.

ಒಂದು ದಿನ ಅಮ್ಮ ಮತ್ತೆ ಅದನ್ನೇ ಹೇಳಿದಾಗ ಅವಳು ಇದ್ದಕ್ಕಿದ್ದಂತೆ ಕೇಳಿದಳು. "ಅಮ್ಮ, ಹನ್ನೆರಡು ಅಂದ್ಯಲ್ಲ. ದಿನಾ ಹನ್ನೆರಡೇ?"

"ದಿನಾ. ಗಡಿಯಾರ ಹೊಡೆಯೋದು ಕೇಳಲ್ವಾ ನನಗೆ? ಭಾನುವಾರ ಮಾತ್ರ ಬರಲ್ಲ. ನೀನಿರ್ತೀಯಲ್ಲ."

ಎಂಟಕ್ಕೆ ಅವಳು ಕೊನೆಯ ಸಲ ಫ್ರಿಜ್ಜಿನ ಬಾಗಿಲು ಮುಚ್ಚಿ ಕೆಲಸಕ್ಕೆ ಹೋಗುವುದು. ಎಂಟರಿಂದ ಹನ್ನೆರಡಕ್ಕೆ ನಾಲ್ಕು ಗಂಟೆ. ಪರೀಕ್ಷೆಯ ಕೋಣೆಯಲ್ಲೂ ಮೋಟಾರು ನಿಂತದ್ದು ನಾಲ್ಕು ಗಂಟೆಗೇ. ಭಾನುವಾರ ಅವಳು ಗಂಟೆಗೊಂದು ಸಲ ಬಾಗಿಲು ತೆಗೆಯುತ್ತಿರುತ್ತಾಳೆ. ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟಳು. ದೆವ್ವವಾಗಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಮಾರನೆಯ ಬೆಳಿಗ್ಗೆ ಕಚೇರಿಯಿಂದ ತಂದ ಅಳತೆಯ ಪೆಟ್ಟಿಗೆಯನ್ನು ಫ್ರಿಜ್ಜಿನ ತಲೆಯ ಮೇಲಿಟ್ಟು, ತಂತಿಗಳನ್ನು ಒಳಗೆ ಬಿಟ್ಟಳು. ಹಿಂಗೋಡೆಗೆ ಒತ್ತಿ, ತಮ್ಮ ಔಷಧಿ ಇಡುತ್ತಿದ್ದ ಜಾಗದಲ್ಲಿ, ಚಿಕ್ಕ ಸೀಸೆಯೊಂದರಲ್ಲಿ ನೀರು ತುಂಬಿಸಿ ಇಟ್ಟಳು. ಬಾಗಿಲು ಮುಚ್ಚಿ, ಅಭ್ಯಾಸಬಲದಿಂದ ಕಾಗದದ ಪಟ್ಟಿ ಅಂಟಿಸಿ, ಸಹಿ ಹಾಕಿ, ಗಂಟೆ ಬರೆದಳು.

ಅಂದು ಅರ್ಧ ದಿನ ರಜೆ ಹಾಕಿ ಮೂರು ಗಂಟೆ ದಾಟುತ್ತಿದ್ದ ಹಾಗೆ ಬಂದಳು. ಮೋಟಾರು ಜೋರಾಗಿ ಓಡುತ್ತಿತ್ತು. "ಈಗಷ್ಟೇ ಹೋದ" ಅಂದಳು ಅಮ್ಮ. ಮೋಟಾರು ತಾನಾಗಿ ನಿಲ್ಲುವವರೆಗೆ ಕಾದು ಪಟ್ಟಿ ಹರಿದು ಬಾಗಿಲು ತೆಗೆದಳು. ಸೀಸೆಯನ್ನು ಬೆಳಕಿಗೆ ಹಿಡಿದು ಓರೆ ಮಾಡಿದಳು. ನೀರು ಅಲುಗಲಿಲ್ಲ. ಪೆಟ್ಟಿಗೆಯ ಅಂಕಿಗಳನ್ನು ಕಾಗದದ ಮೇಲೆ ಗೆರೆ ಎಳೆದು ನೋಡಿದಳು. ಹತ್ತರವರೆಗೆ ಏರಿ, ಸೊನ್ನೆಗಿಂತ ಎರಡು ಕೆಳಗೆ ಇಳಿದಿತ್ತು. ಹೋದ ಬೇಸಿಗೆಯಲ್ಲಿ ಅವಳು ಕಂಡು, ಕೇಳಿ, ಮೆಚ್ಚಿ, ಸಹಿ ಹಾಕಿದ ಅದೇ ಗೆರೆ.

ಹಾಗಾದರೆ ತಮ್ಮ ಸುಳ್ಳು ಹೇಳಿರಲಿಲ್ಲ. ಎರಡೂ ಹೊತ್ತು ಹಾಕಿಕೊಂಡಿದ್ದ, ಒಂದು ಜಾಸ್ತಿಯೇ ಹಾಕಿಕೊಂಡಿದ್ದ. ಸತ್ತ ನೀರನ್ನು ಚುಚ್ಚಿಕೊಂಡು, ಇಳಿಯದ ಸಕ್ಕರೆ ನೋಡಿ, ದಿಕ್ಕು ತೋಚದೆ ಅಕ್ಕನಿಗೆ ಫೋನು ಮಾಡಿದ್ದ. ಅಕ್ಕ ಬೈದಿಟ್ಟಿದ್ದಳು. ಅಡುಗೆಮನೆಯ ನೆಲದ ಮೇಲೆ ಕೂತು ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು, ಅಮ್ಮನಿಗೆ ಕೇಳಿಸಬಾರದೆಂದು.

ಕೇಳಿಸಬಾರದು. ಹೇಳಿದರೆ ತಮ್ಮನ ಮೇಲಿನ ಕಳಂಕ ಹೋಗುತ್ತದೆ, ಆದರೆ ಅಮ್ಮನಿಗೆ ಉಳಿದಿರುವ ಒಂದೇ ಮಗು ಅವನನ್ನು ಕೊಂದವಳಾಗುತ್ತಾಳೆ. ಹೇಳದಿದ್ದರೆ ಅಮ್ಮ ಸಾಯುವವರೆಗೂ ಮಗನನ್ನು ಸುಳ್ಳುಗಾರ ಅನ್ನುತ್ತಲೇ ಇರುತ್ತಾಳೆ. ಅತ್ತ ದರಿ, ಇತ್ತ ಪುಲಿ.

ಸುಲಭವಾದದ್ದನ್ನು ಮೊದಲು ಮಾಡಿದಳು. ಫೈಲಿನದು, ಮನೆಯದು, ಗೆರೆಯ ಎರಡೂ ಹಾಳೆಗಳನ್ನು ತೆಗೆದುಕೊಂಡು ಹೋಗಿ ಕಚೇರಿಯ ಸಾಹೇಬರ ಮೇಜಿನ ಮೇಲಿಟ್ಟಳು. ಸಾಹೇಬರು ಕೆಟ್ಟವರಲ್ಲ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ನಿಯಮ ಕೇಳೋದು ಸರಾಸರಿ ಅಮ್ಮ. ಸರಾಸರಿ ಸರಿಯಾಗೇ ಇದೆ."

"ಸರಾಸರಿ ಫ್ರಿಜ್ಜೊಳಗೆ ಯಾರೂ ಔಷಧಿ ಇಡಲ್ಲ ಸರ್."

"ಈ ಮಾಡೆಲ್ಲಿಗೆ ಐದು ಸ್ಟಾರ್ ಸಿಕ್ಕಿದ್ದೇ ಸಿಕ್ಕಿದ್ದು, ಉಳಿದ ಕಂಪನಿಯೋರೆಲ್ಲ ಇದೇ ಮೋಟಾರು ತಂದಿದ್ದಾರೆ. ನಾವು ಚಾಪೆ ಕೆಳಗೆ ನುಗ್ಗಿದ್ರೆ ಅವರು ರಂಗೋಲಿ ಕೆಳಗೆ ನುಗ್ತಾರೆ. ಈಗ ಬೇಡ ಅಂದ್ರೆ ಎಷ್ಟು ಕಾರ್ಖಾನೆ, ಎಷ್ಟು ಅಂಗಡಿ!" ಅವರು ಹಾಳೆಗಳನ್ನು ಜೋಡಿಸಿದರು. "ಬರೆದು ಕೊಡಿ, ಮೇಲಕ್ಕೆ ಕಳಿಸ್ತೀನಿ. ಆದ್ರೆ ಒಂದು ಗೊತ್ತಿರಲಿ. ಇದು ನಿಮ್ಮ ಸಹಿ ಮೇಲೆ ನೀವೇ ಕೊಡೋ ದೂರು."

"ಗೊತ್ತಿದೆ ಸರ್."

ಸಾಹೇಬರು ಹೇಳಿದ್ದು ನಿಜವೆಂದು ಫೈಲು ತಿರುವಿದಾಗ ತಿಳಿಯಿತು. ಅದೇ ಗೆರೆಯ ಹನ್ನೊಂದು ಮಾಡೆಲ್ಲುಗಳಿಗೆ ಅವಳು ಐದು ನಕ್ಷತ್ರ ಕೊಟ್ಟಿದ್ದಳು. ಒಂದೊಂದೂ ಸಾವಿರಗಟ್ಟಲೆ ಮನೆಗಳಿಗೆ ಹೋಗಿ ನಿಂತಿತ್ತು. ಹಗಲು ಬೀಗ ಹಾಕುವ ಮನೆಗಳು ಎಷ್ಟಿದ್ದಾವು, ಅವುಗಳಲ್ಲಿ ಔಷಧಿ ಎಷ್ಟು ಕಡೆ ಇದ್ದೀತು ಅಂತ ಯೋಚಿಸುತ್ತಲೇ ಖಾಲಿ ಹಾಳೆ ಮುಂದಕ್ಕೆಳೆದುಕೊಂಡಳು. ದೂರು ಬರೆದಳು, ಒಂದನ್ನೂ ಮುಚ್ಚಿಡದೆ. ಮೇಲಿನವರು ಐದು ವಾರದ ಮೇಲೆ ಉತ್ತರ ಕಳಿಸಿದರು. ನಿಯಮವನ್ನು ಮುಂದಿನ ಸಲ ತಿದ್ದುವಾಗ ಪರಿಶೀಲಿಸಲಾಗುವುದು, ಅಲ್ಲಿಯವರೆಗೆ ಕಂಪನಿಗಳು ಜೊತೆಗೆ ಕೊಡುವ ಪುಸ್ತಕದಲ್ಲಿ ಔಷಧಿ ಇಡುವವರಿಗೆ ಒಂದು ಎಚ್ಚರಿಕೆ ಸೇರಿಸತಕ್ಕದ್ದು. ಆ ಪುಸ್ತಕವನ್ನು ಯಾರು ಓದುತ್ತಾರೆ? ನೀವು ಓದಿದ್ದೀರಾ? ಅವಳು ಬೀದಿ ಕೊನೆಯ ಅಂಗಡಿಗೆ ಹೋಗಿ, ಔಷಧಿ ಇಡುವವರಿಗೆ ಇದನ್ನು ಕೊಡಬೇಡಿ ಅಂತ ಯಜಮಾನನ ಕೈ ಹಿಡಿದು ಕೇಳಿಕೊಂಡಳು. ಅವನು ಹೂಂ ಅಂದ. ಅವಳು ಮೆಟ್ಟಿಲು ಇಳಿಯುವ ಮೊದಲೇ ಒಳಗಿನಿಂದ ದನಿ ಕೇಳಿಸಿತು. "ಕಣ್ಣು ಮುಚ್ಕೊಂಡು ತಗೊಳ್ಳಿ, ಐದು ಸ್ಟಾರು!"

ಇಷ್ಟಾದರೂ ಮನೆಯಲ್ಲಿ ಮಾತ್ರ ಅವಳ ಬಾಯಿಗೆ ಬೀಗ. ಫ್ರಿಜ್ಜನ್ನು ಮಾರಿಬಿಡುತ್ತೇನೆ ಅಂದರೆ ಅಮ್ಮ ಬೇಡ ಅಂದಳು. ಸಂಜೆ ಬಂದಾಗಲೆಲ್ಲ "ಬಂದಿದ್ದ" ಅನ್ನುತ್ತಿದ್ದಳು. ಈಚೆಗೆ ಅಮ್ಮ ಸುಮ್ಮನಿರುವುದನ್ನು ಬಿಟ್ಟು ಅವನನ್ನು ಬೈಯಲು ಶುರುಮಾಡಿದ್ದಳು. ಇದು ಸ್ಟಾರಮ್ಮನಿಗೆ ಗೊತ್ತಾದದ್ದು, ಜ್ವರ ಬಂದು ಅವಳು ಕೆಲಸಕ್ಕೆ ಹೋಗದೆ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದ ದಿನ. ಬೆಳಗಿನಿಂದ ಯಾರೂ ಫ್ರಿಜ್ಜು ಮುಟ್ಟಿರಲಿಲ್ಲ. ಗಡಿಯಾರ ಹನ್ನೆರಡು ಹೊಡೆಯಿತು. ಅಡುಗೆಮನೆಯಲ್ಲಿ ಗುಂಯ್ ಅನ್ನುತ್ತಿದ್ದದ್ದು ನಿಂತಿತು. ಕಾರಣ ಗೊತ್ತಿದ್ದರೂ ಅವಳ ಮೈಯ ರೋಮವೂ ನಿಂತಿತು.

"ಬಂದ್ಯಾ?" ಅಮ್ಮನ ದನಿ. "ಬಾ. ನಿಂತ್ಕೋ. ಅಲ್ಲೇ ನಿಂತ್ಕೊಂಡು ನನ್ನ ಹೊಟ್ಟೆ ಉರಿಸು. ಒಂದು ಸೂಜಿ ಚುಚ್ಕೊಳ್ಳೋಕೆ ಆಗಲಿಲ್ವೇನೋ ನಿನಗೆ? ಹೆತ್ತವಳಿಗೋಸ್ಕರ ಒಂದು ಸೂಜಿ? ಸುಳ್ಳುಗಾರ. ಸತ್ತ ಮೇಲೂ ಮುಖ ತೋರಿಸ್ತೀಯಲ್ಲ, ನಾಚಿಕೆ ಆಗಲ್ವಾ?"

ಸ್ಟಾರಮ್ಮ ಗೋಡೆ ಹಿಡಿದುಕೊಂಡು ಎದ್ದು ಬಂದಳು. ಅಮ್ಮ ಮಂಚದ ಮೇಲೆ ಕಾಲು ಇಳಿಬಿಟ್ಟು, ಫ್ರಿಜ್ಜಿನ ಕಡೆ ಕುರುಡುಗಣ್ಣು ನೆಟ್ಟು ಕೂತಿದ್ದಳು. ಮಗಳು ಅವಳ ಕಾಲ ಬಳಿ ಕುಸಿದು ಕೂತು ಮೊಣಕಾಲು ಹಿಡಿದುಕೊಂಡಳು.

"ಅಮ್ಮ, ಅವನನ್ನ ಬೈಬೇಡ. ಅವನು ಹಾಕ್ಕೊಂಡಿದ್ದ. ದಿನಾ ಹಾಕ್ಕೊಂಡಿದ್ದ."

ಹೇಳಿದಳು. ಮೋಟಾರಿನ ಬುದ್ಧಿವಂತಿಕೆ, ಹೆಪ್ಪುಗಟ್ಟಿದ ಔಷಧಿ, ಹಿಂದೆ ತಳ್ಳಿ ಇಡು ಅಂದದ್ದು, ಸೋಮವಾರದ ಫೋನು, ತನ್ನ ಸಹಿ, ಎಲ್ಲವನ್ನೂ ಹೇಳಿದಳು. ಅರ್ಥವಾಗದ ಕಡೆ ಅಮ್ಮ ಮತ್ತೆ ಕೇಳಿದಳು, ಅವಳು ಮತ್ತೆ ಹೇಳಿದಳು. ಮುಗಿದಾಗ ಅಮ್ಮನ ಕೈ ಅವಳ ತಲೆಯ ಮೇಲೆ ಬಂದು ನಿಂತಿತ್ತು. ಸವರಲೂ ಇಲ್ಲ, ತಳ್ಳಲೂ ಇಲ್ಲ.

"ಹಾಗಾದ್ರೆ ಇಷ್ಟು ದಿನ ನಾನು ಅವನ ಮೇಲೆ ಇಟ್ಟಿದ್ದ ಸಿಟ್ಟನ್ನ ಈಗ ಎಲ್ಲಿಡ್ಲಿ?"

"ನನ್ನ ಮೇಲಿಡಮ್ಮ."

"ನಿನ್ನ ಮೇಲಿಟ್ರೆ ನನಗಿನ್ಯಾರೇ ಇದ್ದಾರೆ?" ಅಮ್ಮ ಅವಳ ಭುಜ ಹಿಡಿದು ತಿರುಗಿಸಿದಳು. "ನನಗ್ಯಾಕೆ ಹೇಳ್ತೀಯ? ಅಲ್ಲೇ ನಿಂತಿದ್ದಾನಲ್ಲ. ಅವನಿಗೆ ಹೇಳು."

ಇಪ್ಪತ್ತಾರು ವರ್ಷ ಅಳತೆ ಮಾಡಿ ಬದುಕಿದವಳು, ಕಣ್ಣಿಗೆ ಕಾಣದ್ದನ್ನು ನಂಬದವಳು, ಆ ಮೂಕ ಫ್ರಿಜ್ಜಿನ ಎದುರು ಎದ್ದು ನಿಂತಳು. ಅವಳಿಗೆ ಎದುರಿಗೆ ಯಾರೂ ಕಾಣಲಿಲ್ಲ. ಆದರೂ ಮುಖ ಎತ್ತಿ ಮಾತಾಡಲು ಆಗಲಿಲ್ಲ.

"ನೀನು ಸುಳ್ಳು ಹೇಳಿರಲಿಲ್ಲ ಕಣೋ" ಅಂದಳು. "ನಾನು ನಂಬಲಿಲ್ಲ. ಬಂದು ನೋಡಬೇಕಿತ್ತು, ಬರಲಿಲ್ಲ. ಬೈದು ಫೋನ್ ಇಟ್ಟೆ."

ಮಧ್ಯಾಹ್ನದ ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ.

"ಏನಂದ?" ಅಮ್ಮ ಮಂಚದಿಂದ ಕೇಳಿದಳು.

"ಏನೂ ಅನ್ನಲಿಲ್ಲ ಅಮ್ಮ."

"ಅನ್ನಲ್ಲ" ಅಂದಳು ಅಮ್ಮ, ದನಿ ಒಡೆದು. "ಅವನು ಯಾವತ್ತು ನಿನ್ನ ಮೇಲೆ ಸಿಟ್ಟಾಗಿದ್ದ?"

ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಅವನು ಹೋದ ಏಳು ತಿಂಗಳಲ್ಲಿ ಮೊದಲ ಸಲ, ಮಗನನ್ನು ಕೂಗಿ ಕೂಗಿ ಅತ್ತಳು.